ಕಫದಲ್ಲಿ ಏನೂ ಇಲ್ಲ ಅಂದರು, ಜ್ವರ ಮಾತ್ರ ಬಿಡ್ತಿಲ್ಲ: ಎಚ್‌ಐವಿ ಇರುವ ತಮ್ಮನಿಗೆ ಟಿಬಿ ಇರಬಹುದಾ?

ಮೆಣಸಿನ ಊರವಳು · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ಕಡೆಯವಳು. ಇದು ನನ್ನ ತಮ್ಮನ ವಿಷಯ. ಅವನಿಗೆ ಎಚ್‌ಐವಿ ಇರುವುದು ಕೆಲವು ವರ್ಷದ ಹಿಂದೆಯೇ ಗೊತ್ತಾಗಿದೆ. ಮನೆಯಲ್ಲಿ ಅವನ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತು. ಅವ್ವನಿಗೆ ಹೇಳಿಲ್ಲ. ಹೆಂಡತಿಗೆ ಟೆಸ್ಟ್ ಮಾಡಿಸಿದ್ದೇವೆ, ಅವಳಿಗೆ ಇಲ್ಲ.

ಮೊದಲು ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಯ ಗುಳಿಗೆ, ಸರಿಯಾಗಿ ತಗೊಳ್ತಿದ್ದ. ಗೋವಾಕ್ಕೆ ದುಡಿಯಲು ಹೋದಾಗ ಬಿಟ್ಟುಬಿಟ್ಟ. ವಾಪಸ್ ಬಂದ ಮೇಲೂ ಕೇಂದ್ರಕ್ಕೆ ಹೋಗಿಲ್ಲ. ಬೈತಾರೆ ಅಂತ ಹೆದರಿಕೆ. ಈಗ ಮೆಣಸಿನಕಾಯಿ ಸೀಸನ್, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡ್ತಾನೆ.

ಸಂಜೆಯಾದರೆ ಮೈ ಬಿಸಿ. ರಾತ್ರಿ ಬನಿಯನ್ ಹಿಂಡುವ ಹಾಗೆ ಬೆವರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಚೀಲ ಹೊಲಿಯುವ ಸುತಳಿ ಕಟ್ಟಿಕೊಂಡು ಕೆಲಸಕ್ಕೆ ಹೋಗ್ತಾನೆ. ಕೆಮ್ಮು ಶುರುವಾಗಿ ಒಂದು ವಾರ ಆಗಿದೆ ಅಷ್ಟೇ. ಊರಿನ ಡಾಕ್ಟರ ಹತ್ತಿರ ತೋರಿಸಿದೆವು. ಕಫ ನೋಡಿಸಿದರು, ನೆಗೆಟಿವ್. ಎಕ್ಸ್‌ರೇ ಕ್ಲಿಯರ್. "ಮೆಣಸಿನಕಾಯಿ ಘಾಟು ರೀ, ಮಾರ್ಕೆಟ್ಟಿನವರೆಲ್ಲ ಕೆಮ್ತಾರ. ಎರಡು ವಾರ ಆದಮ್ಯಾಲೂ ಇದ್ದರ ಬರ್ರಿ" ಅಂತ ಸಿರಪ್ ಕೊಟ್ಟು ಕಳಿಸಿದರು. ಎಚ್‌ಐವಿ ವಿಷಯ ತಮ್ಮ ಅವರಿಗೆ ಹೇಳಲಿಲ್ಲ. ನನಗೂ ಹೇಳಲು ಬಿಡಲಿಲ್ಲ, ಕಾಲು ತುಳಿದ.

ಎರಡು ವಾರ ಕಾಯಬಹುದಾ? ಗೊತ್ತಿದ್ದವರು ಹೇಳಿ.

ಗಿರ್ಮಿಟ್ ಪ್ರಿಯ

ಅಕ್ಕಾ, ನಾನೂ ಆ ಮಾರ್ಕೆಟ್ಟಿಗೆ ಲೋಡ್ ತಗೊಂಡು ಬರುವವನು. ಡಬ್ಬಿ ಮೆಣಸಿನಕಾಯಿ ಸುರಿದ ಜಾಗದಲ್ಲಿ ನಿಂತರೆ ಯಾರಾದರೂ ಕೆಮ್ತಾರೆ, ಅದು ಖರೆ. ಆದರೆ ಘಾಟಿಗೆ ಸಂಜೆ ಜ್ವರ ಬರುವುದಿಲ್ಲ. ಘಾಟಿಗೆ ಪ್ಯಾಂಟು ಸಡಿಲ ಆಗುವುದಿಲ್ಲ. ಇಷ್ಟು ನನಗೂ ಗೊತ್ತು, ಉಳಿದದ್ದು ತಿಳಿದವರು ಹೇಳಲಿ.

ಕೌನ್ಸೆಲಿಂಗ್ ಕುರ್ಚಿ

ಕಾಯಬೇಡಿ. ನಾಳೆ ಬೆಳಿಗ್ಗೆ ಹೊರಡಿ.

ನಾನು ಇದೇ ಕೆಲಸದಲ್ಲಿ ಇದ್ದೇನೆ, ಯಾವ ಊರು ಅಂತ ಹೇಳುವುದಿಲ್ಲ. "ಎರಡು ವಾರ ಕೆಮ್ಮು" ಅನ್ನುವುದು ಎಲ್ಲರಿಗೂ ಹೇಳುವ ಲೆಕ್ಕ. ಗೋಡೆ ಮೇಲೆ ಬರೆದಿರುವುದೂ ಅದೇ. ಎಚ್‌ಐವಿ ಇರುವವರಿಗೆ ಆ ಲೆಕ್ಕ ಇಲ್ಲ. ಅವರ ಹತ್ತಿರ ನಾವು ಪ್ರತಿ ಸಲ ನಾಲ್ಕು ಪ್ರಶ್ನೆ ಕೇಳುತ್ತೇವೆ: ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತದಾ. ಕೆಮ್ಮು ನಿನ್ನೆ ಶುರುವಾಗಿದ್ದರೂ ಸರಿ. ನಾಲ್ಕರಲ್ಲಿ ಒಂದಕ್ಕೆ ಹೌದು ಅಂದರೂ ಟಿಬಿ ಟೆಸ್ಟಿಗೆ ಕಳಿಸಬೇಕು. ನಿಮ್ಮ ತಮ್ಮನಿಗೆ ನಾಲ್ಕೂ ಇವೆ.

ಯಾಕೆ ಇಷ್ಟು ಅವಸರ ಅಂದರೆ, ಟಿಬಿ ಸೂಕ್ಷ್ಮಜೀವಿ ಸುಮ್ನೆ ಮೈಯಲ್ಲಿ ಮಲಗಿರುವ ಜನ ನಮ್ಮಲ್ಲಿ ಬಹಳ. ಎಚ್‌ಐವಿ ಇಲ್ಲದವರಲ್ಲಿ ಅದು ಎದ್ದು ಕಾಯಿಲೆಯಾಗುವ ಸಾಧ್ಯತೆ ಇಡೀ ಜೀವಮಾನಕ್ಕೆ ಶೇ. 5ರಿಂದ 10. ಎಚ್‌ಐವಿ ಇದ್ದು ಗುಳಿಗೆ ತಗೊಳ್ಳದವರಲ್ಲಿ ವರ್ಷಕ್ಕೇ ಶೇ. 10ರ ಹತ್ತಿರ. ಎಚ್‌ಐವಿ ಇರುವವರು ಸಾಯುವುದು ಜಾಸ್ತಿ ಟಿಬಿಯಿಂದಲೇ. ನಿಮ್ಮನ್ನು ಹೆದರಿಸಲು ಹೇಳ್ತಿಲ್ಲ. ಬೇಗ ಹಿಡಿದರೆ ಇದು ಗುಣವಾಗುವ ಕಾಯಿಲೆ.

ಆ ಡಾಕ್ಟರ ಮೇಲೆ ಸಿಟ್ಟು ಬೇಡ. ಅವರಿಗೆ ಅರ್ಧ ಸಂಗತಿ ಗೊತ್ತೇ ಇರಲಿಲ್ಲ. ಕಾಲು ತುಳಿದದ್ದೇ ಇಲ್ಲಿ ತೊಂದರೆ.

ಬಿಳಿ ಜೋಳ

ಸುಮ್ನೆ ಹೆದರಿಸ್ತಾ ಇದ್ದೀರಿ ಅನಿಸುತ್ತೆ. ಕಫ ನೆಗೆಟಿವ್, ಎಕ್ಸ್‌ರೇ ಕ್ಲಿಯರ್. ಎರಡು ಟೆಸ್ಟ್ ಇಲ್ಲ ಅಂದ ಮೇಲೆ ಮೂರನೆಯದು ಯಾಕೆ? ಕೂಲಿ ಬಿಟ್ಟು ಬಡವರು ಎಷ್ಟು ಸಲ ಓಡಾಡಬೇಕು?

ಕಫದ ಡಬ್ಬಿ

ಬಿಳಿ ಜೋಳ ಅವರೇ, ಕೂಲಿಯ ಮಾತು ನ್ಯಾಯವೇ. ಟೆಸ್ಟಿನ ಮಾತು ಹಾಗಲ್ಲ. ನಾನು ಲ್ಯಾಬಿನವನು, ಹೆಸರು ನೋಡಿದರೆ ಗೊತ್ತಾಗುತ್ತೆ.

ಮೈಕ್ರೋಸ್ಕೋಪಿನಲ್ಲಿ ಟಿಬಿ ಕಣ್ಣಿಗೆ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ ಸುಮಾರು 5,000ದಿಂದ 10,000 ಸೂಕ್ಷ್ಮಜೀವಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನಾವು ಸಿದ್ಧಾರೂಢರ ಜಾತ್ರೆಯಲ್ಲಿ ಮಾಳಿಗೆ ಮೇಲೆ ನಿಂತು ಒಬ್ಬನನ್ನು ಹುಡುಕಿದ ಹಾಗೆ. ಸೂಕ್ಷ್ಮಜೀವಿಯ ಜೀನ್ ಹುಡುಕುವ ಸಿಬಿನಾಟ್ ಮೆಷಿನ್ನಿಗೆ ಒಂದು ಮಿಲಿಯಲ್ಲಿ ನೂರಾ ಮೂವತ್ತರ ಆಸುಪಾಸು ಇದ್ದರೂ ಸಾಕು. ಎರಡು ತಾಸಿನಲ್ಲಿ ಉತ್ತರ ಬರುತ್ತೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಆ ಟಿಬಿ ಬಗ್ಗುತ್ತದೋ ಇಲ್ಲವೋ ಅದನ್ನೂ ಅದೇ ಹೇಳುತ್ತೆ. ಕೆಲವು ಕಡೆ ಸಿಬಿನಾಟ್ ಬದಲು ಟ್ರೂನಾಟ್ ಇರುತ್ತೆ, ಅದೂ ಇದೇ ಜಾತಿಯದ್ದು, ನಮ್ಮ ದೇಶದಲ್ಲೇ ತಯಾರಾದದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡಕ್ಕೂ ದುಡ್ಡಿಲ್ಲ.

ಇನ್ನು ಎಕ್ಸ್‌ರೇ. ಪುಪ್ಪುಸದಲ್ಲಿ ತೂತು, ಕಲೆ ಆಗುವುದು ಟಿಬಿ ಒಂದರಿಂದಲೇ ಅಲ್ಲ. ನಮ್ಮ ದೇಹ ಅದರ ಜೊತೆ ಗುದ್ದಾಡುವುದರಿಂದಲೂ ಆಗುತ್ತೆ. ಸಿಡಿ4, ಅಂದರೆ ರೋಗದ ಜೊತೆ ಹೋರಾಡುವ ರಕ್ತಕಣಗಳ ಲೆಕ್ಕ, ತೀರಾ ಇಳಿದವರಲ್ಲಿ ಗುದ್ದಾಡುವ ಶಕ್ತಿಯೇ ಇರುವುದಿಲ್ಲ. ಹಾಗಾಗಿ ತೂತು ಬೀಳುವುದು ಕಡಿಮೆ, ಕಫಕ್ಕೆ ಸೂಕ್ಷ್ಮಜೀವಿ ಇಳಿಯುವುದೂ ಕಡಿಮೆ, ಎಕ್ಸ್‌ರೇ ಕನ್ನಡಿ ಹಾಗೆ ಬರಬಹುದು. ರೋಗ ಜಾಸ್ತಿ ಆದಷ್ಟೂ ರಿಪೋರ್ಟ್ ಚೆಂದ ಬರುವ ವಿಚಿತ್ರ ಇದು.

ಅಕ್ಕಾ, ಇನ್ನೊಂದು ಮಾತು. ಡಬ್ಬಿ ಕೊಟ್ಟಾಗ ಅರ್ಧ ಜನ ಉಗುಳು ತುಂಬಿ ಕೊಡ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಉದ್ದಕ್ಕೆ ಉಸಿರು ಎಳೆದುಕೊಂಡು, ಎದೆಯಾಳದಿಂದ ಕೆಮ್ಮಿ ಬಂದದ್ದನ್ನು ಕೊಡಲು ಹೇಳಿ. ಮಂದವಾಗಿ ಇರಬೇಕು. ಹೊರಗೆ ಬಯಲಲ್ಲಿ ನಿಂತು ಕೊಡಲಿ, ಬಚ್ಚಲಲ್ಲಿ ಬೇಡ. ಕಫ ಬರದಿದ್ದರೆ ಉಪ್ಪುನೀರಿನ ಹಬೆ ಕೊಟ್ಟು ತೆಗೆಸುತ್ತಾರೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟು ಇದ್ದರೆ ಅದಕ್ಕೆ ಸೂಜಿ ಹಾಕಿ ತೆಗೆದ ದ್ರವವನ್ನೂ ಸಿಬಿನಾಟ್‌ಗೆ ಹಾಕಬಹುದು. ತೀರಾ ಸುಸ್ತಾದವರಿಗೆ, ಸಿಡಿ4 ಬಹಳ ಇಳಿದವರಿಗೆ ಮೂತ್ರದಲ್ಲೇ ನೋಡುವ ಲ್ಯಾಮ್ ಅನ್ನುವ ಪಟ್ಟಿ ಟೆಸ್ಟ್ ಇದೆ. ಇದೆಯಾ ಅಂತ ಕೇಳಿ ನೋಡಿ.

ಬಿಳಿ ಜೋಳ

ಸರಿ. ಹಾಗಾದರೆ ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟರೆ ಮುಗೀತಲ್ಲ? ನಮ್ಮ ಓಣಿಯಲ್ಲೇ ಇದೆ.

ಕಫದ ಡಬ್ಬಿ

ರಕ್ತದಲ್ಲಿ ಟಿಬಿ ಪ್ರತಿಕಾಯ ನೋಡುವ ಕಿಟ್‌ಗಳನ್ನು ಸರ್ಕಾರ 2012ರಲ್ಲೇ ನಿಷೇಧ ಮಾಡಿದೆ. ಅಷ್ಟು ತಪ್ಪು ಉತ್ತರ ಕೊಡ್ತಿದ್ದವು. ಮಾಂಟೂ ಅನ್ನುವ ಚರ್ಮದ ಟೆಸ್ಟ್, ಇಗ್ರಾ ಅನ್ನುವ ರಕ್ತದ ಟೆಸ್ಟ್, ಇವು ಸೂಕ್ಷ್ಮಜೀವಿ ಮೈಯಲ್ಲಿ ಹೊಕ್ಕಿದೆಯಾ ಅಂತ ಹೇಳುತ್ತವೆ, ಕಾಯಿಲೆ ಆಗಿದೆಯಾ ಅಂತ ಹೇಳುವುದಿಲ್ಲ. ಅದೂ ಸಿಡಿ4 ಕಡಿಮೆ ಇದ್ದವರಲ್ಲಿ ಇದ್ದರೂ ಇಲ್ಲ ಅನ್ನಬಹುದು. ಓಣಿಯ ಲ್ಯಾಬಿಗೆ ಸಕ್ಕರೆ ಟೆಸ್ಟ್ ಕೊಡಿ, ಪಾಪ.

ಮೆಣಸಿನ ಊರವಳು

ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಓದಿ ಹೇಳಿದೆ. ಅವನ ಗೋಳು ಬೇರೆ. "ಬಿಟ್ಟು ಹೋದವ ಮತ್ತ ಯಾವ ಮುಖ ತಗೊಂಡು ಹೋಗ್ಲಿ ಅಕ್ಕಾ" ಅಂತಾನೆ. ಎಆರ್‌ಟಿ ಕೇಂದ್ರದ ಮುಂದೆ ಕೂತರೆ ಊರಿನವರು ಯಾರಾದರೂ ನೋಡ್ತಾರೆ ಅಂತ ಇನ್ನೊಂದು ಭಯ. ಹಾವೇರಿ ಎಷ್ಟು ದೊಡ್ಡದು ಹೇಳಿ, ಎಲ್ಲರೂ ಎಲ್ಲರ ಬೀಗರೇ.

ಗೋವಾ ರಿಟರ್ನ್

ಅಕ್ಕಾ, ನಿಮ್ಮ ತಮ್ಮನಂಥವನೇ ನಾನು. ರೋಣ ತಾಲ್ಲೂಕು. ವಾಸ್ಕೋದಲ್ಲಿ ಸೆಂಟ್ರಿಂಗ್ ಕೆಲಸ. ಹತ್ತು ಜನ ಒಂದೇ ಶೆಡ್ಡಿನಲ್ಲಿ ಮಲಗುವುದು. ಗುಳಿಗೆ ಡಬ್ಬಿ ಎಲ್ಲಿ ಇಡ್ತೀರಿ? ಕುಲುಕಿದರೆ ಸದ್ದಾಗುತ್ತೆ, ಹೆಸರು ಓದಿ ಗೂಗಲ್ ಮಾಡ್ತಾರೆ. ನಾನು ಸಿಮೆಂಟ್ ಚೀಲದ ಹಾಳೆಯಲ್ಲಿ ಕಟ್ಟಿ ಹೆಲ್ಮೆಟ್ ಒಳಗೆ ಇಡ್ತಿದ್ದೆ. ಆಮೇಲೆ ಅದೂ ಸಾಕಾಗಿ ಬಿಟ್ಟೆ. ಬಿಟ್ಟವರನ್ನು ಸೋಮಾರಿ ಅನ್ನುವವರು ಒಂದು ರಾತ್ರಿ ಆ ಶೆಡ್ಡಿನಲ್ಲಿ ಮಲಗಿ ನೋಡಲಿ.

ವಾಪಸ್ ಹೋದಾಗ ಬೈದರಾ? ಒಬ್ಬರು ಬೈದರು. ಇನ್ನೊಬ್ಬರು ಚಹಾ ತರಿಸಿದರು. ಆಮೇಲೆ ಗುಳಿಗೆ ಕೊಟ್ಟರು. ಗುಳಿಗೆ ಸಿಗುವುದು ಮುಖ್ಯ, ಬೈಗುಳ ಏನು, ಮೇಸ್ತ್ರಿ ದಿನಾ ಬೈತಾನೆ. ಇನ್ನು ಮುಂದೆ ದುಡಿಯಲು ಹೋದರೆ ಮೊದಲೇ ಹೇಳಿ ಹೋಗಲಿ. ಚೆನ್ನಾಗಿ ಇರುವವರಿಗೆ ಒಂದೇ ಸಲ ಎರಡು ಮೂರು ತಿಂಗಳ ಗುಳಿಗೆ ಕೊಡ್ತಾರೆ. ಪತ್ರ ಬರೆಸಿಕೊಂಡು ಆ ಊರಿನ ಕೇಂದ್ರಕ್ಕೂ ವರ್ಗ ಮಾಡಿಸಿಕೊಳ್ಳಬಹುದು.

ಕೌನ್ಸೆಲಿಂಗ್ ಕುರ್ಚಿ

ಹಾವೇರಿಯಲ್ಲಿ ನೋಡ್ತಾರೆ ಅನಿಸಿದರೆ ಹುಬ್ಬಳ್ಳಿಗೆ ಬನ್ನಿ. ಕಿಮ್ಸ್ ಸರ್ಕಾರಿ ಆಸ್ಪತ್ರೆಯಷ್ಟು ದೊಡ್ಡ ಆವರಣದಲ್ಲಿ ಯಾರು ಯಾಕೆ ಬಂದರು ಅಂತ ಯಾರಿಗೆ ಗೊತ್ತಾಗುತ್ತೆ. ಕೆಮ್ಮು ಇರುವವರು ಬಂದ ಕೂಡಲೇ ಹೇಳಬೇಕು, ಅವರನ್ನು ಸಾಲಿನಲ್ಲಿ ಕೂರಿಸದೆ ಮೊದಲು ನೋಡಬೇಕು ಅಂತ ನಿಯಮ ಇದೆ. ಆ ಸಾಲಿನಲ್ಲಿ ಕೂತವರೆಲ್ಲ ಸಿಡಿ4 ಕಡಿಮೆ ಇರುವವರೇ ಅಲ್ವಾ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ಬರಲಿ. ಗುರುತೂ ಸಿಗುವುದಿಲ್ಲ, ಅದೂ ಒಂದು ಲಾಭ.

ಹೊರಡುವ ಮೊದಲು ಏನಾದರೂ ಕೇಳಬೇಕಿದ್ದರೆ 1097ಕ್ಕೆ ಫೋನ್ ಮಾಡಿ. ಅದು ಎಚ್‌ಐವಿ ಸಹಾಯವಾಣಿ, ದುಡ್ಡಿಲ್ಲ, ಹೆಸರು ಕೇಳುವುದಿಲ್ಲ. ಟಿಬಿಗೆ 1800-11-6666.

ಒಂದು ವಿಷಯ ಮರೆಯಬೇಡಿ. ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿ, ತಲೆ ಮಂಕು ಇದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಟಿಬಿ ಮೆದುಳಿನ ಪೊರೆಗೆ ಹೋಗಿದ್ದರೆ ಚಿಕಿತ್ಸೆಯ ಲೆಕ್ಕವೇ ಬೇರೆ ಆಗುತ್ತೆ.

ಉಣಕಲ್ ಕೆರೆ ದಂಡೆ

ನಾನು ಎರಡೂ ದಾಟಿ ಬಂದವನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನನಗೆ ಟಿಬಿ ಬಂದದ್ದು ಕುತ್ತಿಗೆ ಗಂಟಿಗೆ. ಕೆಮ್ಮೇ ಇರಲಿಲ್ಲ. ಕೆಮ್ಮಿಲ್ಲದ ಟಿಬಿ ಇರುತ್ತೆ ಅಂತ ಯಾರೂ ಮನೆಯಲ್ಲಿ ನಂಬಲಿಲ್ಲ. ಎಚ್‌ಐವಿ ಇದ್ದವರಿಗೆ ಅದು ಗಂಟಿಗೆ, ಹೊಟ್ಟೆಗೆ, ಪುಪ್ಪುಸದ ಸುತ್ತ ನೀರಾಗಿ, ಎಲ್ಲಿ ಬೇಕಾದರೂ ಬರಬಹುದಂತೆ.

ಮೊದಲು ಟಿಬಿ ಗುಳಿಗೆ ಶುರು ಮಾಡಿದರು. ಅದು ಮೈಗೆ ಹಿಡಿಯುತ್ತದಾ ನೋಡಿ, ಎರಡು ವಾರದ ಒಳಗೆ ಎಆರ್‌ಟಿ. ಎರಡೂ ಒಂದೇ ದಿನ ಕೊಡಲಿಲ್ಲ ಯಾಕೆ ಅಂತ ನನ್ನ ಹೆಂಡತಿ ಜಗಳ ತೆಗೆದಳು. ಆಮೇಲೆ ಗೊತ್ತಾಯಿತು, ಕಾರಣ ಇದೆ ಅಂತ. ಎರಡೂ ಒಟ್ಟಿಗೆ ಶುರುವಾಗಿ ಮೈಮೇಲೆ ದದ್ದು ಎದ್ದರೆ ಯಾವ ಗುಳಿಗೆಯ ತಂಟೆ ಅಂತ ಹೇಳುವುದು ಹೇಗೆ?

ಈಗ ಮುಖ್ಯ ಮಾತು. ಎಆರ್‌ಟಿ ಶುರುವಾಗಿ ಕೆಲವು ವಾರಕ್ಕೆ ಕುತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಯಿತು. ಹೋಗಿದ್ದ ಜ್ವರ ತಿರುಗಿ ಬಂತು. ಮಾವನವರು ಬಂದು "ಇಂಗ್ಲಿಷ್ ಔಷಧ ಮೈ ಸುಡತೈತಿ, ಬಿಡ್ರಿ" ಅಂದರು. ಬಿಟ್ಟಿದ್ದರೆ ಇವತ್ತು ಇಲ್ಲಿ ಬರೀತಿರಲಿಲ್ಲ. ಡಾಕ್ಟರು ಗಂಟು ಮುಟ್ಟಿ ನೋಡಿ, ಇದು ಔಷಧಿ ಸೋತದ್ದಲ್ಲ, ನಿನ್ನ ಮೈಗೆ ಶಕ್ತಿ ಬಂದು ಟಿಬಿ ಮೇಲೆ ಒಮ್ಮೆಲೇ ಬಿದ್ದಿದೆ ಅಂದರು. ಐರಿಸ್ ಅಂತಾರಂತೆ ಅದಕ್ಕೆ. ಊತಕ್ಕೆ ಬೇರೆ ಗುಳಿಗೆ ಕೊಟ್ಟರು, ಎರಡೂ ಚಿಕಿತ್ಸೆ ಮುಂದುವರಿಸಿದರು. ತಿಂಗಳೊಪ್ಪತ್ತಿನಲ್ಲಿ ಇಳಿಯಿತು. ಅಕ್ಕಾ, ನಿಮ್ಮ ತಮ್ಮನಿಗೆ ಇದನ್ನು ಈಗಲೇ ಹೇಳಿ ಇಡಿ. ಜನ ಗುಳಿಗೆ ಬಿಡುವುದು ಇಲ್ಲೇ. ಚೆನ್ನಾಗಿ ಆಗ್ತಿದೆ ಅನ್ನುವಾಗ ಮತ್ತೆ ಜ್ವರ ಬಂದರೆ ಯಾರಿಗೆ ಧೈರ್ಯ ಇರುತ್ತೆ? ಹಾಗಂತ ಮನೆಯಲ್ಲೇ ಕೂತು ಐರಿಸ್ ಅಂತ ತೀರ್ಮಾನ ಮಾಡಬೇಡಿ, ಗಂಟು ತೋರಿಸಿ ಕೇಳಿ.

ಮೂತ್ರ ಕೇಸರಿ ಬಣ್ಣ ಬರುತ್ತೆ. ಬೆವರು, ಕಣ್ಣೀರು ಕೂಡ. ಮೊದಲ ದಿನ ರಕ್ತ ಅಂತ ಕಿರುಚಿದ್ದೆ. ರಿಫಾಂಪಿಸಿನ್ ಬಣ್ಣ ಅದು, ಏನೂ ಆಗಲ್ಲ.

ಅಜ್ಜಿ ಔಷಧಿ

ಲಿವರ್ ಹಾಳಾಗದ ಹಾಗೆ ನಮ್ಮ ಕಡೆ ಕಾಮಣಿಗೆ ಬೇರು ಅರೆದು ಕೊಡ್ತಾರೆ. ಟಿಬಿ ಗುಳಿಗೆ ಜೊತೆ ಅದನ್ನೂ ಕೊಟ್ಟರೆ ತಂಪು. ಬೇಕಾದವರು ಇನ್‌ಬಾಕ್ಸ್ ಮಾಡಿ.

ಹಳೇ ಫಾರ್ಮಸಿ

ಬೇಡ. ಟಿಬಿಯ ಮೂರು ಔಷಧಿಗಳು, ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಲಿವರ್ ಮೇಲೆಯೇ ಭಾರ ಹಾಕುವಂಥವು. ಅದರ ಮೇಲೆ ಏನು ಬೇರೋ ಎಷ್ಟು ಬೇರೋ ಗೊತ್ತಿಲ್ಲದ್ದನ್ನು ಸುರಿದರೆ ಕಾಮಣಿ ಬಂದಾಗ ಯಾವುದನ್ನು ನಿಲ್ಲಿಸಬೇಕು? ಸಾರಾಯಿಯೂ ಅಷ್ಟೇ, ಆರು ತಿಂಗಳು ಹತ್ತಿರ ಸೇರಿಸಬಾರದು. ಕಣ್ಣು ಹಳದಿ, ಊಟ ಸೇರದೆ ವಾಂತಿ, ಬಲಗಡೆ ಪಕ್ಕೆಯ ಕೆಳಗೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ.

ನಾನು ಬರೆಯಬೇಕು ಅಂತ ಬಂದದ್ದು ಬೇರೆ ವಿಷಯಕ್ಕೆ. ಈಗ ಎಆರ್‌ಟಿಯಲ್ಲಿ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ, ದಿನಕ್ಕೆ ಒಂದೇ ಗುಳಿಗೆ. ಅದರಲ್ಲಿ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇದೆ. ರಿಫಾಂಪಿಸಿನ್ ಏನು ಮಾಡುತ್ತೆ ಅಂದರೆ, ಲಿವರ್‌ಗೆ ಚುರುಕು ಮುಟ್ಟಿಸಿ ಈ ಡೊಲುಟೆಗ್ರಾವಿರನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕಿಸುತ್ತೆ. ರಕ್ತದಲ್ಲಿ ಉಳಿಯುವುದು ಸಾಲುವುದಿಲ್ಲ. ಅದಕ್ಕೆ ಟಿಬಿ ಚಿಕಿತ್ಸೆ ಇರುವಷ್ಟು ದಿನ ಟಿಎಲ್‌ಡಿ ತಗೊಂಡ 12 ತಾಸಿಗೆ ಬರೀ ಡೊಲುಟೆಗ್ರಾವಿರ್ 50 ಇನ್ನೊಂದು ಗುಳಿಗೆ ತಗೊಳ್ಳಬೇಕು. ಟಿಬಿ ಗುಳಿಗೆ ಮುಗಿದ ಮೇಲೂ ಎರಡು ವಾರ, ಯಾಕೆಂದರೆ ರಿಫಾಂಪಿಸಿನ್ನಿನ ಪ್ರಭಾವ ತಕ್ಷಣ ಹೋಗುವುದಿಲ್ಲ. ಎಆರ್‌ಟಿ ಕೇಂದ್ರದಲ್ಲೇ ಎರಡೂ ಔಷಧಿ ತಗೊಂಡರೆ ಈ ಹೆಚ್ಚಿನ ಗುಳಿಗೆ ಅವರೇ ಕೊಡ್ತಾರೆ. ತೊಂದರೆ ಬರುವುದು ಟಿಬಿ ಒಂದು ಕಡೆ, ಎಚ್‌ಐವಿ ಒಂದು ಕಡೆ ತೋರಿಸಿ, ಒಬ್ಬರಿಗೊಬ್ಬರದು ಮುಚ್ಚಿಟ್ಟಾಗ. ನಾಚಿಕೆಗೆ ಮುಚ್ಚಿಟ್ಟರೆ ಔಷಧಿ ತಿಂದೂ ವೈರಸ್ ಏರುತ್ತೆ. ಎರಡನೇ ಹಂತದ ಎಆರ್‌ಟಿಯಲ್ಲಿ ಇದ್ದು ಅಟಜನಾವಿರ್ ತಗೊಳ್ಳುವವರಿಗಂತೂ ರಿಫಾಂಪಿಸಿನ್ ಆಗುವುದೇ ಇಲ್ಲ, ರಿಫಾಬುಟಿನ್ ಕೊಡಬೇಕು.

ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ಹೊಟ್ಟೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧಿ, ಇವು ಡೊಲುಟೆಗ್ರಾವಿರ್ ಜೊತೆ ಕೂಡಿದರೆ ಅದು ಮೈಗೆ ಹತ್ತುವುದಿಲ್ಲ. ಅದನ್ನು ಇವಕ್ಕಿಂತ ಎರಡು ತಾಸು ಮೊದಲು ತಗೊಳ್ಳಲಿ, ಇಲ್ಲವೇ ಆರು ತಾಸು ಬಿಟ್ಟು. ಹೆಣ್ಣುಮಕ್ಕಳು ಓದ್ತಿದ್ದರೆ: ರಿಫಾಂಪಿಸಿನ್ ನಡೆಯುವಾಗ ಗರ್ಭನಿರೋಧಕ ಗುಳಿಗೆ ನಂಬಬೇಡಿ, ಬೇರೆ ದಾರಿ ಕೇಳಿ.

ವೇದಿಕೆ ನಿರ್ವಾಹಕರು

ಅಜ್ಜಿ ಔಷಧಿ ಅವರೇ, ಇನ್‌ಬಾಕ್ಸಿಗೆ ಕರೆದು ಔಷಧಿ ಮಾರುವುದು ಇಲ್ಲಿ ನಡೆಯುವುದಿಲ್ಲ. ಮುಂದಿನ ಸಲ ಪೋಸ್ಟ್ ತೆಗೆಯುತ್ತೇವೆ.

ಮೆಣಸಿನ ಊರವಳು · ಶುಕ್ರವಾರ

ಹೋಗಿ ಬಂದೆವು. ಹುಬ್ಬಳ್ಳಿಗೇ ಹೋದೆವು. ಬಸ್ಸಿನಲ್ಲಿ ನನಗೆ ಶಕ್ತಿ ಟಿಕೆಟ್, ಅವನಿಗೆ ದುಡ್ಡು. "ರೋಗಿ ನಾನು, ಫ್ರೀ ನಿನಗ" ಅಂತ ದಾರಿಯುದ್ದಕ್ಕೂ ಗೊಣಗಿದ. ಗೊಣಗುವಷ್ಟು ಜೀವ ಇದೆಯಲ್ಲ ಅಂತ ಸಮಾಧಾನ ಆಯಿತು.

ಸಿಬಿನಾಟ್‌ನಲ್ಲಿ ಟಿಬಿ ಇದೆ ಅಂತ ಬಂದಿದೆ. ರಿಫಾಂಪಿಸಿನ್‌ಗೆ ಬಗ್ಗುವಂಥದ್ದೇ. ಸಿಡಿ4 86. ತೂಕ 44 ಕಿಲೋ. ದಿನಾ ಬೆಳಿಗ್ಗೆ ಮೂರು ಟಿಬಿ ಗುಳಿಗೆ ಒಟ್ಟಿಗೆ, ಬಿ6 ಬೇರೆ, ಬೇರೆ ಸೋಂಕು ಬರದಿರಲಿ ಅಂತ ಸೆಪ್ಟ್ರಾನ್ ಬೇರೆ. ಎಆರ್‌ಟಿ ಮುಂದಿನ ವಾರ ಶುರು ಅಂದಿದ್ದಾರೆ. ಬೈದರು, ಸ್ವಲ್ಪ.

ಪಕ್ಕದ ಮನೆಯವರ ಅಣ್ಣನಿಗೆ ನಾಲ್ಕು ಗುಳಿಗೆ ಕೊಟ್ಟಿದ್ದರು, ಇವನಿಗೆ ಮೂರೇ ಯಾಕೆ? ಮತ್ತೆ ಮನೆಯಲ್ಲಿ ತಮ್ಮನ ಮಗಳಿದ್ದಾಳೆ, ನಾಲ್ಕು ವರ್ಷ. ಅವಳನ್ನೂ ಕರೆತನ್ನಿ ಅಂದಿದ್ದಾರೆ. ಅವಳು ಚೆನ್ನಾಗೇ ಆಡಿಕೊಂಡಿದ್ದಾಳೆ, ಯಾಕೆ?

ಹಳೇ ಫಾರ್ಮಸಿ

ತೂಕದ ಮೇಲೆ ಗುಳಿಗೆ. 35ರಿಂದ 49 ಕಿಲೋಗೆ ಮೂರು, 50ರಿಂದ 64ಕ್ಕೆ ನಾಲ್ಕು. ತಿಂಗಳಿಗೊಮ್ಮೆ ತೂಕ ಹಾಕಿಸಿ, 50 ಮುಟ್ಟಿದರೆ ನೀವೇ ನೆನಪಿಸಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿಯದು. ಮೊದಲು ಇದೆಲ್ಲ ವಾರಕ್ಕೆ ಮೂರು ದಿನ ಇತ್ತು, ದಿನಬಿಟ್ಟು ದಿನ. ದೇಶದಾದ್ಯಂತ ದಿನಾ ಕೊಡಲು ಶುರು ಮಾಡಿದ್ದು 2017ರಲ್ಲಿ. ಊರಲ್ಲಿ ಹಳಬರು ಯಾರಾದರೂ "ನಾ ದಿನಬಿಟ್ಟು ದಿನ ತಗೊಂಡಿದ್ದೆ" ಅಂದರೆ ಕೇಳಬೇಡಿ.

ಬಿ6 ಕೊಟ್ಟದ್ದು ಅಂಗಾಲು ಉರಿ, ಜೋಮು ಹಿಡಿಯದಿರಲಿ ಅಂತ, ಅದನ್ನು ಬರೀ ವಿಟಮಿನ್ ಅಂತ ಬಿಡಬೇಡಿ. ಕೆಂಪು ಹಸಿರು ಬಣ್ಣ ಮಸುಕಾದರೆ ಹೇಳಿ, ಟಿಬಿ ಗುಳಿಗೆಯಲ್ಲಿರುವ ನಾಲ್ಕನೇ ಔಷಧಿ ಎಥಾಂಬುಟಾಲ್ ಕಣ್ಣಿಗೆ ತೊಂದರೆ ಕೊಡಬಹುದು. ಮೆಣಸಿನಕಾಯಿಯ ಊರು ನಿಮ್ಮದು, ಕೆಂಪು ಬದಲಾದರೆ ಬೇಗ ಗೊತ್ತಾಗುತ್ತೆ.

ಮುಂಡರಗಿ ಮಗಳು

ಮಗುವಿನ ವಿಷಯ ನಾನು ಹೇಳ್ತೀನಿ. ನಮ್ಮ ಯಜಮಾನರಿಗೆ ಟಿಬಿ ಆದಾಗ ನಮ್ಮ ಚಿಕ್ಕವನಿಗೂ ಕೊಟ್ಟಿದ್ದರು. ಐದು ವರ್ಷದ ಒಳಗಿನ ಮಕ್ಕಳಿಗೆ ಮನೆಯಲ್ಲಿ ಟಿಬಿ ಇದ್ದರೆ ಬೇಗ ತಗಲುತ್ತೆ, ತಗಲಿದರೆ ಮೆದುಳಿಗೂ ಹೋಗಬಹುದು. ಮೊದಲು ಮಗುವಿಗೆ ಕಾಯಿಲೆ ಇಲ್ಲ ಅಂತ ನೋಡ್ತಾರೆ. ಇಲ್ಲ ಅಂದರೆ ಬರದ ಹಾಗೆ ಗುಳಿಗೆ. ನಮ್ಮವನಿಗೆ ಆರು ತಿಂಗಳು ಐಸೋನಿಯಜಿಡ್. ಬೆಲ್ಲದ ಪಾಕದಲ್ಲಿ ಕಲಸಿ ಕೊಡ್ತಿದ್ದೆ. "ಆರಾಮ ಇರೋ ಕೂಸಿಗೆ ಯಾಕ ಔಷಧ" ಅಂತ ಅತ್ತೆ ದಿನಾ ತಕರಾರು. ನಿಮ್ಮ ಮನೆಯಲ್ಲೂ ಬರುತ್ತೆ ಆ ತಕರಾರು, ತಯಾರಿರಿ. ಅವ್ವನನ್ನೂ, ನಾದಿನಿಯನ್ನೂ ತೋರಿಸಿ.

ಉಣಕಲ್ ಕೆರೆ ದಂಡೆ

ಅದೇ ಗುಳಿಗೆ ಎಚ್‌ಐವಿ ಇರುವ ದೊಡ್ಡವರಿಗೂ ಇದೆ. ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆರು ತಿಂಗಳು ಐಸೋನಿಯಜಿಡ್ ಕೊಡ್ತಾರೆ. ವಾರಕ್ಕೊಮ್ಮೆಯಂತೆ 12 ವಾರ ತಗೊಳ್ಳುವ, ರಿಫಾಪೆಂಟಿನ್ ಸೇರಿದ ಹೊಸ ಪದ್ಧತಿಯೂ ಬಂದಿದೆ. ಇದನ್ನು ಓದುತ್ತಿರುವವರಲ್ಲಿ ಎಆರ್‌ಟಿ ತಗೊಳ್ತಾ ಆರಾಮ ಇರುವವರು ಇದ್ದರೆ, ನನಗೆ ಕೊಟ್ಟಿದ್ದೀರಾ ಅಂತ ಮುಂದಿನ ಭೇಟಿಯಲ್ಲಿ ಕೇಳಿ. ಕೇಳಿದವರಿಗೆ ಬೇಗ ಸಿಗುತ್ತೆ.

ಮೆಣಸಿನ ಊರವಳು

ಇನ್ನೊಂದು ಚಿಂತೆ. ಟಿಬಿ ಅಂತ ಆಶಾ ಕಾರ್ಯಕರ್ತೆ ಮನೆಗೆ ಬರ್ತಾರಂತೆ. ಅವರು ನಮ್ಮ ಓಣಿಯವರೇ. ಎಚ್‌ಐವಿ ವಿಷಯ ಅವ್ವನ ಕಿವಿಗೆ ಬಿದ್ದರೆ ಏನು ಗತಿ? ಟಿಬಿಯವರಿಗೆ ಆಹಾರದ ಕಿಟ್ ಕೊಡ್ತಾರಂತೆ, ಅದನ್ನು ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೋ ತೆಗೀತಾರೆ ಅಂತ ತಮ್ಮ ಕಿಟ್ಟೇ ಬೇಡ ಅಂತಾನೆ.

ಕೌನ್ಸೆಲಿಂಗ್ ಕುರ್ಚಿ

ಫೋಟೋ ಬಗ್ಗೆ ನನಗೆ ತಮ್ಮನಿಗಿಂತ ಜಾಸ್ತಿ ಸಿಟ್ಟಿದೆ. ಒಂದು ಕಿಲೋ ಬೇಳೆ, ಒಂದು ಪ್ಯಾಕೆಟ್ ಶೇಂಗಾ ಕೈಯಲ್ಲಿ ಹಿಡಿಸಿ, ಹಿಂದೆ ಬ್ಯಾನರ್, ಮುಂದೆ ಹೂವಿನ ಹಾರ ಹಾಕಿಕೊಂಡ ದಾನಿಗಳು. ಸಂಜೆಗೆ ವಾಟ್ಸಾಪ್ ಗುಂಪಿನಲ್ಲಿ. ಯಾರದೋ ಮಗಳ ಮದುವೆ ಮಾತು ಅಲ್ಲಿಗೆ ನಿಂತಿರುತ್ತೆ. ಕಿಟ್ ಪಡೆಯಲು ರೋಗಿಯ ಒಪ್ಪಿಗೆ ಬೇಕು. ಫೋಟೋ ಬೇಡ, ಮನೆಗೆ ತಂದುಕೊಡಿ, ಇಲ್ಲವೇ ನಾನೇ ಬಂದು ಒಯ್ಯುತ್ತೇನೆ ಅಂತ ಹೇಳುವ ಹಕ್ಕು ಅವನಿಗಿದೆ. ಹೇಳಲಿ. ಕಿಟ್ ಬಿಡಬೇಡಿ, 44 ಕಿಲೋ ಮನುಷ್ಯನಿಗೆ ಬೇಳೆ ಬೇಕು.

ದುಡ್ಡು ಬೇರೆ ಇದೆ. ನಿಕ್ಷಯ ಪೋಷಣೆ ಯೋಜನೆ 2018ರಲ್ಲಿ ತಿಂಗಳಿಗೆ ₹500ರ ಲೆಕ್ಕದಲ್ಲಿ ಶುರುವಾಯಿತು, 2024ರ ನವೆಂಬರ್‌ನಿಂದ ₹1,000. ಚಿಕಿತ್ಸೆ ಮುಗಿಯುವವರೆಗೆ ನೇರ ಬ್ಯಾಂಕ್ ಖಾತೆಗೆ. ಪಾಸ್‌ಬುಕ್ ಝೆರಾಕ್ಸ್ ಮೊದಲ ದಿನವೇ ಕೊಡಿ. ಖಾತೆ ನಂಬರ್ ಒಂದು ಅಂಕಿ ತಪ್ಪಾದರೆ ತಿಂಗಳುಗಟ್ಟಲೆ ಅಲೆದಾಟ.

ಆಶಾ ಅವರು ಬರುವುದು ಟಿಬಿ ಗುಳಿಗೆ ತಗೊಳ್ತಾನಾ ನೋಡಲು. ಎಚ್‌ಐವಿ ವಿಷಯವನ್ನು ಅವನ ಒಪ್ಪಿಗೆ ಇಲ್ಲದೆ ಮನೆಯವರಿಗೆ, ಓಣಿಯವರಿಗೆ ಹೇಳುವುದು ಕಾನೂನಿನ ಪ್ರಕಾರ ತಪ್ಪು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು, ಎಲ್ಲಕ್ಕೂ ಅದು ಅನ್ವಯ. ಕಾಯ್ದೆಯ ಹೆಸರು ಹೇಳಿದರೆ ಕೆಲವು ಬಾಯಿ ಮುಚ್ಚುತ್ತವೆ, ಎಲ್ಲ ಬಾಯಿ ಅಲ್ಲ. ಹಾಗಾಗಿ ಓಣಿಯವರು ಬೇಡ ಅನಿಸಿದರೆ, ಗುಳಿಗೆ ನೋಡಿಕೊಳ್ಳುವ ಜವಾಬ್ದಾರಿ ನನಗೇ ಕೊಡಿ ಅಂತ ಕೇಂದ್ರದಲ್ಲಿ ಮೊದಲೇ ಕೇಳಿ. ಮನೆಯವರೂ ಆ ಕೆಲಸ ಮಾಡಬಹುದು.

ಗಿರ್ಮಿಟ್ ಪ್ರಿಯ

ತಟ್ಟೆ ಲೋಟ ಬೇರೆ ಇಡಬೇಕಾ?

ಕೌನ್ಸೆಲಿಂಗ್ ಕುರ್ಚಿ

ಬೇಡ. ಟಿಬಿ ಗಾಳಿಯಿಂದ ಬರುತ್ತೆ, ತಟ್ಟೆಯಿಂದ ಅಲ್ಲ. ಎಚ್‌ಐವಿ ಎರಡರಿಂದಲೂ ಬರುವುದಿಲ್ಲ. ನಮ್ಮ ಕಡೆ ಮನೆಗಳಲ್ಲಿ ಮಾಡುವ ಕೆಲಸ ನೋಡಿ: ತಟ್ಟೆ ಬೇರೆ ಮಾಡ್ತಾರೆ, ರೋಗಿಯನ್ನು ಮಾತ್ರ ಯಾರಿಗೂ ಕಾಣದಿರಲಿ ಅಂತ ಒಳಗಿನ ಕತ್ತಲೆ ಕೋಣೆಯಲ್ಲಿ ಮಲಗಿಸ್ತಾರೆ. ಅದೇ ಕೋಣೆಯಲ್ಲಿ ಜೋಳದ ಚೀಲ, ಅದೇ ಕೋಣೆಗೆ ಅವ್ವ ದಿನಕ್ಕೆ ಹತ್ತು ಸಲ. ಕಿಟಕಿ ಇಲ್ಲ. ಅಲ್ಲಿಂದ ಎಬ್ಬಿಸಿ ಪಡಸಾಲೆಗೆ ತನ್ನಿ, ಕಟ್ಟೆ ಮೇಲೆ ಬಿಸಿಲಿಗೆ ಕೂರಿಸಿ. ಕೆಮ್ಮುವಾಗ ಬಾಯಿಗೆ ಬಟ್ಟೆ. ಮಗಳು ಕೆಲವು ದಿನ ಅವ್ವನ ಹತ್ತಿರ ಮಲಗಲಿ. ಗುಳಿಗೆ ಸರಿಯಾಗಿ ಹೊಟ್ಟೆಗೆ ಹೋದರೆ ಎರಡು ವಾರದ ಸುಮಾರಿಗೆ ಹರಡುವುದು ಬಹಳ ಕಡಿಮೆ ಆಗುತ್ತೆ.

ಮೆಣಸಿನ ಊರವಳು

ಮಲಗಿಸಿದ್ದು ಅಂಥ ಕೋಣೆಯಲ್ಲೇ! ಇವತ್ತೇ ಬದಲಾಯಿಸ್ತೀವಿ.

ಕೊನೆಯ ಪ್ರಶ್ನೆ. ಹಮಾಲಿ ಸದ್ಯ ಬಿಡಿಸಿದ್ದೇವೆ. ಆರಾಮ ಆದ ಮೇಲೆ ನಸುಕಿನಲ್ಲೇ ಮಾರ್ಕೆಟ್ಟಿಗೆ ಹೋಗಬೇಕು, ಹೊರಡುವುದು ಐದಕ್ಕೆ. ಆ 12 ತಾಸಿನ ಗುಳಿಗೆ ಲೆಕ್ಕ ಹೇಗೆ ಕೂರಿಸುವುದು?

ಹಳೇ ಫಾರ್ಮಸಿ

ಬೆಳಿಗ್ಗೆ ಐದಕ್ಕೆ ಟಿಬಿ ಗುಳಿಗೆ ಮೂರೂ ಮತ್ತು ಬರೀ ಡೊಲುಟೆಗ್ರಾವಿರ್. ಸಂಜೆ ಐದಕ್ಕೆ ಟಿಎಲ್‌ಡಿ. ವಾಕರಿಕೆ ಬಂದರೆ ಒಂದು ಚೂರು ರೊಟ್ಟಿ ತಿಂದು ತಗೊಳ್ಳಲಿ, ಬಿಡುವುದಕ್ಕಿಂತ ಅದು ಮೇಲು. ಈ ಹೊತ್ತು ನಮ್ಮ ಕೆಲಸಕ್ಕೆ ಹೊಂದುತ್ತಾ ಅಂತ ಮುಂದಿನ ವಾರ ಎಆರ್‌ಟಿ ಕೊಡುವಾಗ ಅಲ್ಲಿನ ಫಾರ್ಮಸಿಸ್ಟ್ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಮೊಬೈಲಿನಲ್ಲಿ ಎರಡು ಅಲಾರಂ ಇಡಿ. ಹೆಸರು ಬೇಕಾದರೆ "ಸೇಠ್ ಫೋನ್" ಅಂತ ಹಾಕಿ, ಮಾರ್ಕೆಟ್ಟಿನಲ್ಲಿ ಯಾರೂ ಕೇಳುವುದಿಲ್ಲ.